ಪಿ0171 ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ಕಾರಿನ ಸ್ಕ್ಯಾನರ್‌ನಲ್ಲಿ ಪಿ0171 ಅನ್ನೋ ದೋಷದ ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೊಸದು ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಳ್ಳಬೇಡಿ. ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತಷ್ಟೇ ಆ ಕೋಡ್ ಹೇಳುತ್ತದೆ. ಹೊಗೆಯಲ್ಲಿನ ಆಮ್ಲಜನಕ ನೋಡಿ ಅದನ್ನು ಪತ್ತೆ ಹಚ್ಚಿದ್ದೇ ಆ ಸೆನ್ಸರ್ ಅಲ್ವಾ? ಸುಮ್ನೆ ಅದನ್ನೇ ಯಾಕೆ ಕೀಳಬೇಕು?

ಇಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಫ್ಯುಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನೋ ಲೆಕ್ಕ) ನೋಡಿ. ಶಾರ್ಟ್ (ಆ ಕ್ಷಣದ್ದು), ಲಾಂಗ್ (ದೀರ್ಘಾವಧಿಯದ್ದು) ಎರಡನ್ನೂ ಕೂಡಿಸಿ. ಒಳಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಾದರೆ, ಐಡ್ಲಿಂಗ್‌ನಲ್ಲಿ 20% ದಾಟಿದ್ದು 2500 ಆರ್‌ಪಿಎಂನಲ್ಲಿ 5%ರ ಹತ್ತಿರ ಇಳಿದರೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿರುತ್ತದೆ. ವ್ಯಾಕ್ಯೂಮ್ ಪೈಪ್, ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿ ಎಳೆಯುವ ಪೈಪ್), ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಹಳೆ ಕಾರಿನಲ್ಲಿ ರಬ್ಬರ್ ಬಿರುಕು ಬಿಡುವುದು ಮಾಮೂಲು. ಆರ್‌ಪಿಎಂ ಜೊತೆ ಟ್ರಿಮ್ಮೂ ಏರಿದರೆ ಫ್ಯುಯಲ್ ಪಂಪ್, ಫಿಲ್ಟರ್, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಮೇಲೆ ಅನುಮಾನ ಪಡಿ.

ಇನ್ನೊಂದು, ಈಗಲೇ ಕೋಡ್ ಅಳಿಸಬೇಡಿ. ಕೋಡ್ ಬಂದ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಅನ್ನೋ ದಾಖಲೆ, ಅಂದರೆ ಫ್ರೀಜ್ ಫ್ರೇಮ್ ಡೇಟಾನೂ ಹೋಗಿಬಿಡುತ್ತದೆ.