ಮಿಷನ್ ನಿಂತ್ರೆ ಉತ್ತರ ಸಿಕ್ತು ಅಂತ ಲೆಕ್ಕ

ಹೋದ ಸಂಚಿಕೆಯಲ್ಲಿ ಪದಬಂಧದ ಬಗ್ಗೆ ಒಂದೇ ಒಂದು ಸಾಲು ಬರೆದದ್ದು ಮಾರಾಯ್ರೆ, ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರದ್ದೇ. ಹಾಗಾಗಿ ಅಡಿಕೆಯ ಹಳದಿ ರೋಗ, ಪೆನ್ಶನ್, ಜಾಗದ ತಕರಾರು ಎಲ್ಲ ಮುಂದಿನ ಸಲಕ್ಕೆ. ಬೇಜಾರು ಮಾಡ್ಬೇಡಿ.

ಪ್ರಶ್ನೆ: ಅಣ್ಣಾ, ನಾನು ಮತ್ತೆ ನಮ್ಮ ಪಕ್ಕದ ಮನೆ ಅಕ್ಕ ಹತ್ತು ಹನ್ನೆರಡು ವರ್ಷದಿಂದ ದಿನಾ ಪೇಪರಿನ ಪದಬಂಧ ಒಟ್ಟಿಗೆ ಮಾಡ್ತಾ ಇದ್ದೆವು, ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು. ಈಗ ಅವರು ಮಗನ ಮನೆಗೆ ಅಂತ ಬೆಂಗಳೂರಿಗೆ ಹೋಗಿದ್ದಾರೆ. ನಾನು ವಾಟ್ಸಾಪಲ್ಲಿ ಫೋಟೋ ಕಳಿಸ್ತೇನೆ, ಹತ್ತು ನಿಮಿಷದಲ್ಲಿ ಪೂರ್ತಿ ಬರೆದು ವಾಪಸ್ ಕಳಿಸ್ತಾರೆ, ನನಗೆ ಎಂತದೂ ಉಳಿಯುವುದಿಲ್ಲ. ನಮ್ಮ ಮನೆಯವರು ಹೇಳ್ತಾರೆ, ಉತ್ತರ ನಾಳೆ ಪೇಪರಲ್ಲೇ ಬರ್ತದಲ್ಲ, ಅದಕ್ಕೆ ಇಷ್ಟು ಬೇಜಾರು ಎಂತಕ್ಕೆ ಅಂತ. ನಾನು ಹೀಗೆ ಬೇಜಾರು ಮಾಡುವುದು ಸಣ್ಣತನವಾ?
ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಸಣ್ಣತನ ಅಲ್ಲವೇ ಅಲ್ಲ ತಂಗೀ. ನಿಮ್ಮ ಯಜಮಾನ್ರಿಗೆ ಹೇಳಿ, ಉತ್ತರ ಬೇಕಾದವರು ಪದಬಂಧ ಮಾಡುವುದಿಲ್ಲ ಅಂತ.

ನನ್ನ ಕಥೆ ಹೇಳ್ತೇನೆ. ನನ್ನದು ಬದಿಯಡ್ಕ ಪೇಟೆಯಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಪಕ್ಕದ ಕೋಣೆಯಲ್ಲಿ ಒಬ್ಬ ಟೈಲರ್. ನನ್ನ ಮನೆಯಲ್ಲಿ ತುಳು, ಅವನ ಮನೆಯಲ್ಲಿ ಮಲಯಾಳ, ಇಬ್ಬರೂ ಕಲಿತದ್ದು ಮಾತ್ರ ಕನ್ನಡ ಮೀಡಿಯಂ. ಅಂದ್ರೆ ನಮ್ಮಿಬ್ಬರ ಅಡುಗೆ ಮನೆಯಲ್ಲೂ ಕನ್ನಡ ಇಲ್ಲ, ಕನ್ನಡ ಇರುವುದು ಪೇಪರಲ್ಲಿ ಮತ್ತೆ ನಮ್ಮ ನಡುವೆ ಇರುವ ಆ ಅರ್ಧ ಗೋಡೆಯ ಮೇಲೆ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಪದಬಂಧ ಮೇಲೆ ಬರುವ ಹಾಗೆ ಅಲ್ಲಿ ಇಡುವುದು, ಕೈ ಖಾಲಿ ಇದ್ದವನು ಸುಳಿವು ಓದುವುದು, ಇನ್ನೊಬ್ಬ ಕೆಲಸ ಮಾಡ್ತಾ ಮಾಡ್ತಾ ಯೋಚನೆ ಮಾಡುವುದು. ಅವನು ಮಿಷನ್ ತುಳಿಯುತ್ತಾ ಇರ್ತಾನೆ, ಟಕಟಕ ಟಕಟಕ, ನಾನು "ಹದಿನಾಲ್ಕು, ಎಡದಿಂದ ಬಲಕ್ಕೆ, ಒಡವೆ, ಮೂರು ಅಕ್ಷರ" ಅಂತ ಹೇಳಿ ನನ್ನ ಜೆರಾಕ್ಸ್ ಕಡೆ ತಿರುಗ್ತೇನೆ. ಶರ್ಟಿನ ಹೊಲಿಗೆ ಮಧ್ಯದಲ್ಲಿ ಫಕ್ಕನೆ ಮಿಷನ್ ನಿಂತ್ರೆ ಉತ್ತರ ಸಿಕ್ತು ಅಂತ ಲೆಕ್ಕ. ಅವನು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗ್ತದೆ. ಆ ಒಂದು ಸೆಕೆಂಡ್ ಉಂಟಲ್ಲ, ಮಿಷನ್ ನಿಂತು ಅವನು ಮಾತಾಡುವ ನಡುವಿನದ್ದು, ಅದಕ್ಕೋಸ್ಕರ ನಾನು ಇಷ್ಟು ವರ್ಷ ಪೇಪರಿಗೆ ದುಡ್ಡು ಕೊಟ್ಟದ್ದು ಅಂತ ಕೆಲವು ಸಲ ಅನ್ನಿಸ್ತದೆ.

ಇನ್ನೊಂದು ಹೇಳ್ಬೇಕು. ಒಂದು ದಿನ "ಮಾತುಕತೆ" ಅಂತ ಸುಳಿವು, ಮೂರಕ್ಷರ, ಮೊದಲನೇ ಚೌಕದಲ್ಲಿ "ಸಂ" ಆಗಲೇ ಬಂದಿತ್ತು. ಟೈಲರ್ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಯೋಚನೆಯೇ ಮಾಡದೆ "ಸಂಸಾರ" ಅಂತ ಬರೆದುಬಿಟ್ಟ, ಮಲಯಾಳದಲ್ಲಿ ಸಂಸಾರ ಅಂದ್ರೆ ಮಾತಾಡುವುದು ಅಲ್ವಾ. ನಾನೂ ಜೆರಾಕ್ಸ್ ಗಲಾಟೆಯಲ್ಲಿ ನೋಡ್ಲಿಲ್ಲ. ಮತ್ತೆ ನೋಡಿದ್ರೆ ಎರಡನೇ ಚೌಕದಿಂದ ಕೆಳಗೆ ಹೋಗುವ ಪದ "ಗಾಳಿ", ಎರಡಕ್ಷರ. "ಸಾ" ಇಂದ ಶುರುವಾಗುವ ಗಾಳಿ ಯಾವುದು? ಅರ್ಧ ಗಂಟೆ ಇಬ್ಬರೂ ಮಂಡೆ ಕೆರ್ಕೊಂಡದ್ದು. ಕಡೆಗೆ ನಾನು ವಾಯು ಅಂದೆ, ಹಾಗಾದ್ರೆ ಮೇಲಿನದ್ದು ಸಂವಾದ, ಸಂಸಾರ ಅಲ್ಲ. ಟೈಲರ್ ರಬ್ಬರ್ ತಗೊಂಡು ಉಜ್ಜುತ್ತಾ ಹೇಳಿದ, "ನಿಮ್ಮ ಕನ್ನಡದಲ್ಲಿ ಸಂಸಾರ ಅಂದ್ರೆ ಹೆಂಡತಿ ಮಕ್ಕಳು, ನಮ್ಮಲ್ಲಿ ಮಾತು. ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ಎರಡೂ ಒಂದೇ ಅಂತ ನನಗೆ ಯಾವಾಗಲೋ ಗೊತ್ತಾಗಿದೆ."

ನಾನೇನೂ ಕಮ್ಮಿ ಇಲ್ಲ. "ಮಗು", ಎರಡಕ್ಷರ ಅಂತ ಇದ್ದಾಗ "ಬಾಲೆ" ಅಂತ ಪೆನ್ನಿನಲ್ಲೇ ಬರೆದವ ನಾನು, ತುಳುವಿನಲ್ಲಿ ಬಾಲೆ ಅಂದ್ರೆ ಮಗುವೇ ಅಲ್ವಾ, ಗಂಡೋ ಹೆಣ್ಣೋ ಎಂತಾದ್ರೂ. ಉತ್ತರ "ಕಂದ". ಅವತ್ತಿಂದ ನಮ್ಮಲ್ಲಿ ಪೆನ್ ಬಂದ್, ಪೆನ್ಸಿಲ್ ಮಾತ್ರ.

ಈಗ ನಿಮ್ಮ ವಿಷಯಕ್ಕೆ ಬರ್ತೇನೆ. ತಪ್ಪಿರುವುದು ನಿಮ್ಮ ಅಕ್ಕನದ್ದಲ್ಲ, ಫೋಟೋದ್ದು. ಫೋಟೋ ಕಳಿಸಿದ್ರೆ ಚೌಕ ಪೂರ್ತಿ ಅವರ ಕೈಗೆ ಹೋಯ್ತು, ಬೆಂಗಳೂರಿನ ಫ್ಲಾಟಿನಲ್ಲಿ ಅವರಿಗೂ ಹೊತ್ತು ಹೋಗ್ಬೇಕಲ್ಲ, ಮಾಡಿ ಮುಗಿಸ್ತಾರೆ. ಫೋಟೋ ಕಳಿಸ್ಬೇಡಿ, ಫೋನ್ ಮಾಡಿ. ಪೇಪರ್ ನಿಮ್ಮ ಹತ್ರ ಮಾತ್ರ ಇರ್ಲಿ. ನೀವು ಸುಳಿವು ಓದಿ ಹೇಳಿ, ಅವರು "ಮೂರನೇ ಅಕ್ಷರ ಎಂತ ಬಂದಿದೆ?" ಅಂತ ಕೇಳ್ಬೇಕು, ನೀವು "ರ" ಅಂತ ಹೇಳ್ಬೇಕು, ಅವರು ಹೂಂ ಅಂತ ಸ್ವಲ್ಪ ಹೊತ್ತು ಸುಮ್ಮನಿರ್ಬೇಕು. ಮರುದಿನ ಅವರ ಸರದಿ, ಅಲ್ಲಿಯ ಪೇಪರ್ ಅವರು ಓದ್ಲಿ. ಮತ್ತೆ ನಾವು ಮಾಡಿಕೊಂಡ ಒಂದು ಕಟ್ಟು ಉಂಟು, ಬೇಕಾದ್ರೆ ಇಟ್ಕೊಳ್ಳಿ: ನಮಗೆ ಸಿಕ್ಕಿದ ಉತ್ತರ ಆದ್ರೂ ಅದು ಇನ್ನೊಬ್ಬನ ಏರಿಯಾದ್ದು ಅಂತ ಕಂಡ್ರೆ ಬಾಯಿ ಮುಚ್ಚಿ ಕೂರುವುದು. ಬಟ್ಟೆಯದ್ದು, ಸಿನಿಮಾದ್ದು ಬಂದ್ರೆ ನಾನು ಗೊತ್ತಿದ್ರೂ ಗೊತ್ತಿಲ್ಲದವನ ಹಾಗೆ ಜೆರಾಕ್ಸ್ ಪೇಪರ್ ಎಣಿಸ್ತೇನೆ. ಯಕ್ಷಗಾನ, ಪುರಾಣ ಬಂದ್ರೆ ಅವನು ಗುಂಡಿ ಹೊಲೀತಾ ಕೂರ್ತಾನೆ. ಅವನಿಗೆ ಗೊತ್ತಿದ್ದೂ ಸುಮ್ಮನಿದ್ದಾನೆ ಅಂತ ನನಗೂ ಗೊತ್ತಿರ್ತದೆ, ಆದ್ರೂ ಉತ್ತರ ಹೇಳುವಾಗ ಒಂದು ಗತ್ತು ಬರ್ತದೆ, ಎಂತ ಮಾಡುವುದು.

ಪ್ರಶ್ನೆ: ಇಂಗ್ಲಿಷ್ ಕ್ರಾಸ್‌ವರ್ಡ್ ಮಾಡುವ ನನ್ನ ಮಗ ಕನ್ನಡ ಪದಬಂಧ ಸಣ್ಣ ಮಕ್ಕಳ ಆಟ ಅಂತಾನೆ, ಮೂರು ನಾಲ್ಕು ಅಕ್ಷರದ್ದೇ ಎಲ್ಲ ಅಂತ. ಹೌದಾ?
ಓದುಗರೊಬ್ಬರು, ನೀರ್ಚಾಲು

ಉತ್ತರ: ನಿಮ್ಮ ಮಗನಿಗೆ "ಸ್ವಾತಂತ್ರ್ಯ" ಎಷ್ಟು ಚೌಕ ಅಂತ ಕೇಳಿ ನೋಡಿ. ಸ್ವಾ, ತಂ, ತ್ರ್ಯ, ಮೂರೇ ಮೂರು. ಮಂಜೇಶ್ವರ ನಾಲ್ಕು, ಕುಂಬಳೆ ಮೂರು, ಕೃಷ್ಣ ಎರಡು. ನಮ್ಮಲ್ಲಿ ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿ ಒಂದು ಚೌಕ, ಹಾಗಾಗಿ ಪದ ಗಿಡ್ಡ ಕಾಣ್ತದೆ ಅಷ್ಟೆ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ 26ರಲ್ಲಿ ಒಂದು ಬರ್ಬೇಕು. ಇಲ್ಲಿ 34 ವ್ಯಂಜನಕ್ಕೆ ಕಾಗುಣಿತ ಹಾಕಿದ್ರೇ ನಾನೂರು ದಾಟ್ತದೆ, ಒತ್ತಕ್ಷರ ಬೇರೆ. ಗೆಸ್ ಹೊಡೆದು ತುಂಬಿಸ್ಲಿಕ್ಕೆ ಆಗುವುದಿಲ್ಲ. ಆದ್ರೆ ಅದೇ ಕಾರಣಕ್ಕೆ ಒಂದು ಅಕ್ಷರ ಸಿಕ್ಕಿದ್ರೆ ಅರ್ಧ ಪದ ಸಿಕ್ಕಿದ ಹಾಗೆ. "ತ್ರ್ಯ" ದಲ್ಲಿ ಮುಗಿಯುವ ಪದ ನಮಗೆ ಎಷ್ಟು ಗೊತ್ತುಂಟು ಹೇಳಿ? ಸ್ವಾತಂತ್ರ್ಯ, ದಾರಿದ್ರ್ಯ ಅಂತ ಹೊರಟ್ರೆ ಅದೂ "ದ್ರ್ಯ" ಆಗ್ತದೆ!

ಮತ್ತೆ ಎರಡನೇ ಅಕ್ಷರ ಹಿಡಿಯಿರಿ ಅಂತ ನಾನು ಹೊಸಬರಿಗೆ ಹೇಳುವುದು. ಮೊದಲನೇ ಅಕ್ಷರ ಗೊತ್ತಿದ್ರೆ ಮಂಡೆಯಲ್ಲಿ ನೂರು ಪದ ಬರ್ತದೆ, ಎರಡನೆಯದ್ದೂ ಸಿಕ್ಕಿದ್ರೆ ನಾಲ್ಕೈದಕ್ಕೆ ಇಳೀತದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಎರಡನೇ ಅಕ್ಷರದ ಪ್ರಾಸದ ಸಹವಾಸ ಬೇಡ ಅಂತ ಬಿಟ್ಟು ಪದ್ಯ ಬರೆದವರು. ರಾಷ್ಟ್ರಕವಿಗೆ ಬಿಡ್ಲಿಕ್ಕಾಯ್ತು, ಪದಬಂಧದವರಿಗೆ ಬಿಡ್ಲಿಕ್ಕಾಗುವುದಿಲ್ಲ.

ಒಂದು ಮಾತ್ರ ಒಪ್ಪಬೇಕು. ಇಂಗ್ಲಿಷಿನಲ್ಲಿ ಸುಳಿವಿನ ಒಳಗೇ ಕಣ್ಣುಕಟ್ಟು ಮಾಡುವ ಒಂದು ಜಾತಿ ಉಂಟು, ಅಕ್ಷರ ತಿರುಗಿಸುವುದು, ಅಡಗಿಸಿ ಇಡುವುದು ಎಲ್ಲ. ನಮ್ಮಲ್ಲಿ ದಿನಾ ಬರುವುದು ಹೆಚ್ಚು ಸಮಾನಾರ್ಥದ್ದೇ, ಗಾಳಿ ಅಂದ್ರೆ ವಾಯು, ಅಲ್ಲದಿದ್ರೆ ಪವನ. ಕೆಲವು ಪದ ವಾರಕ್ಕೆರಡು ಸಲ ಬಂದು ಮುಖ ತೋರಿಸಿ ಹೋಗ್ತದೆ. ನನಗೆ ಅದೂ ಇಷ್ಟವೇ, ಪೇಟೆಯಲ್ಲಿ ದಿನಾ ಸಿಗುವವರ ಹಾಗೆ.

ಪ್ರಶ್ನೆ: "ಬಸ್" ಬರೀಲಿಕ್ಕೆ ಎಷ್ಟು ಚೌಕ? ಮನೆಯಲ್ಲಿ ಜಗಳ ಆಗ್ತಾ ಉಂಟು.
ಓದುಗರೊಬ್ಬರು, ಕುಂಬಳೆ

ಉತ್ತರ: ಎರಡು. ಬ, ಸ್. ಬಸ್ಸು ಅಂತ ಬರೆದ್ರೂ ಎರಡೇ, ಬ, ಸ್ಸು. ಅಡ್ಡ ಬರುವ ಪದ ನೋಡಿ ಜಗಳ ಮುಗಿಸಿ.

ಪ್ರಶ್ನೆ: ಈ ಪದಬಂಧ ಶುರು ಮಾಡಿದ್ದು ಯಾರು? ಶಾಲೆಯಲ್ಲಿ ಪ್ರಾಜೆಕ್ಟ್ ಉಂಟು.
ವಿದ್ಯಾರ್ಥಿನಿ, ಉಪ್ಪಳ

ಉತ್ತರ: ಆರ್ಥರ್ ವಿನ್ ಅಂತ ಪತ್ರಕರ್ತ ಮಗಳೇ, ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, ಕೆಲಸ ಅಮೆರಿಕದಲ್ಲಿ. 1913 ಡಿಸೆಂಬರ್ 21ರ ಆದಿತ್ಯವಾರ ನ್ಯೂಯಾರ್ಕ್ ವರ್ಲ್ಡ್ ಪೇಪರಿನ ಪುರವಣಿಯಲ್ಲಿ ಬಂದದ್ದು. ಈಗಿನ ಹಾಗೆ ಚಚ್ಚೌಕ ಅಲ್ಲ, ಇಸ್ಪೀಟಿನ ಡೈಮಂಡ್ ಆಕಾರ, ನಡುವೆ ಖಾಲಿ. ಅವರು ಇಟ್ಟ ಹೆಸರು "ವರ್ಡ್ ಕ್ರಾಸ್", ಸ್ವಲ್ಪ ವಾರದಲ್ಲಿ ಅಚ್ಚು ಹಾಕುವಾಗ ಹಿಂದುಮುಂದಾಗಿ "ಕ್ರಾಸ್ ವರ್ಡ್" ಆಯ್ತು, ಅದೇ ನಿಂತಿತು. 1924ರಲ್ಲಿ ಮೊದಲ ಪುಸ್ತಕ ಬಂದಾಗ ಒಟ್ಟಿಗೆ ಪೆನ್ಸಿಲನ್ನೂ ಕೊಟ್ಟಿದ್ದರಂತೆ, ಬುದ್ಧಿವಂತರು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಇದು ಬರೀ ಸಮಯ ಹಾಳು ಅಂತ ಬೈದಿತ್ತು. 1942ರಲ್ಲಿ ತಾನೇ ಶುರು ಮಾಡಿತು. ಈಗ ಪ್ರಪಂಚದಲ್ಲಿ ಅದರ ಪದಬಂಧಕ್ಕೇ ದೊಡ್ಡ ಹೆಸರು. ಇದನ್ನು ಪ್ರಾಜೆಕ್ಟಿನಲ್ಲಿ ಬರಿ, ಟೀಚರಿಗೆ ಖುಷಿ ಆಗ್ತದೆ.

ಪ್ರಶ್ನೆ: ನನಗೆ 68 ವರ್ಷ. ಈಗೀಗ ಹೆಸರು, ಇಟ್ಟ ವಸ್ತು ಎಲ್ಲ ಮರೀತದೆ. ದಿನಾ ಪದಬಂಧ ಮಾಡಿದ್ರೆ ಮರೆವು ಬರುವುದಿಲ್ಲ ಅಂತ ಹೇಳ್ತಾರೆ, ಸತ್ಯವಾ?
ಓದುಗರೊಬ್ಬರು, ಬೋವಿಕ್ಕಾನ

ಉತ್ತರ: ಬರುವುದೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಅಮೆರಿಕದ ಕೊಲಂಬಿಯ ಮತ್ತು ಡ್ಯೂಕ್ ಯೂನಿವರ್ಸಿಟಿಯವರು ಆಗಲೇ ಸ್ವಲ್ಪ ಮರೆವು ಶುರುವಾದ 107 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕ್ರಾಸ್‌ವರ್ಡ್, ಇನ್ನೊಂದಕ್ಕೆ ಕಂಪ್ಯೂಟರ್ ಗೇಮ್ ಕೊಟ್ಟು 78 ವಾರ ನೋಡಿದ್ದಾರೆ, 2022ರಲ್ಲಿ ಅದರ ವರದಿ ಬಂತು. ಕ್ರಾಸ್‌ವರ್ಡಿನವರು ಸ್ವಲ್ಪ ಮೇಲಿದ್ದರು. ಆದ್ರೆ ಅದು ಗೇಮಿನ ಎದುರು ಹೋಲಿಸಿದ್ದು, ಏನೂ ಮಾಡದೆ ಕೂತವರ ಎದುರು ಅಲ್ಲ, ಜನವೂ ಕಮ್ಮಿ. ಹಾಗಾಗಿ ಪದಬಂಧವನ್ನು ಖುಷಿಗೆ ಮಾಡಿ, ಮರೆವಿಗೆ ಒಂದು ಸಲ ಡಾಕ್ಟ್ರಿಗೆ ತೋರಿಸಿ. ವಿಟಮಿನ್ ಬಿ12, ಥೈರಾಯ್ಡ್ ಇಂಥದ್ದರಿಂದಲೂ ಮರೆವು ಬರ್ಲಿಕ್ಕುಂಟು, ಅದನ್ನು ಅಡ್ಡ ಉದ್ದ ಬರೆದು ಸರಿ ಮಾಡ್ಲಿಕ್ಕಾಗುವುದಿಲ್ಲ.

ಪ್ರಶ್ನೆ: ಪೇಪರಿಗೆ ಪದಬಂಧ ತಯಾರು ಮಾಡುವವರಿಗೆ ನಮ್ಮ ಕಡೆಯ ಕನ್ನಡವೇ ಗೊತ್ತಿಲ್ಲ. ಎಲ್ಲ ಆಚೆಯ ಪದ. ನಾವು ಕಾಸರಗೋಡಿನವರು ಕನ್ನಡದವರಲ್ವಾ?
ಓದುಗರೊಬ್ಬರು, ಪೆರ್ಲ

ಉತ್ತರ: ನಿಮ್ಮ ಸಿಟ್ಟು ನನಗೆ ಗೊತ್ತಾಗ್ತದೆ. 1956 ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೆ ಬಸ್ಸಿನ ಬೋರ್ಡೂ ಆಫೀಸಿನ ಫಾರಮೂ ಮಲಯಾಳ, ಬೆಳಿಗ್ಗೆ ಪೇಪರ್ ಬಿಡಿಸಿದ್ರೆ ಮಾತ್ರ ಕನ್ನಡ, ಅದರಲ್ಲೂ ನಮ್ಮ ಪದ ಇಲ್ಲದಿದ್ರೆ ಬೇಜಾರು ಆಗ್ತದೆ. ಮೊನ್ನೆ ಮೊನ್ನೆ "ನೆಲದಡಿಯ ದಾರಿ", ಮೂರಕ್ಷರ ಅಂತ ಇತ್ತು. ಸುರಂಗ ಅಂತ ಬರೆದೆವು, ಸರಿಯೇ. ಆದ್ರೆ ನಮಗೆ ಸುರಂಗ ಅಂದ್ರೆ ದಾರಿ ಎಲ್ಲಿ ಮಾರಾಯ್ರೆ, ನೀರು. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಬಗ್ಗಿ ಒಳಗೆ ಹೋಗಿ, ಒರತೆಯ ನೀರನ್ನು ಹೊರಗಿನ ಕೆರೆಗೆ ತಂದು, ತೋಟಕ್ಕೆ ಬಿಟ್ಟವರು ನಮ್ಮ ಅಜ್ಜಂದಿರು. ನಾನು ಸುಳಿವು ಬರೆಯುವುದಾಗಿದ್ರೆ "ಗುಡ್ಡೆಯ ಹೊಟ್ಟೆಯ ನೀರು" ಅಂತ ಬರೀತಿದ್ದೆ.

ಆದ್ರೆ ಎಲ್ಲ ಸಲ ನಮ್ಮದೇ ಸರಿ ಅಂತ ಹಠ ಹಿಡಿಯುವ ಹಾಗೂ ಇಲ್ಲ. ಹೋದ ಮಳೆಗಾಲದಲ್ಲಿ ಒಂದು ದಿನ "ಹೊಳೆಗಿಂತ ಸಣ್ಣದು" ಅಂತ ಎರಡಕ್ಷರದ ಸುಳಿವು. ಅಂಗಡಿಯ ಹಿಂದೆಯೇ ಭೋರ್ ಅಂತ ಹರೀತಾ ಇತ್ತಲ್ಲ, ಇಬ್ಬರೂ ಒಂದೇ ಬಾಯಲ್ಲಿ "ತೋಡು" ಅಂದೆವು, ಬರೆದೂ ಆಯ್ತು. ಎರಡನೇ ಚೌಕಕ್ಕೆ ಮೇಲಿಂದ ಇಳಿಯುವ ಪದ "ಪರರ ಸೊತ್ತು ಕದಿಯುವವ", ಅದೂ ಎರಡಕ್ಷರ. "ಡು" ದಲ್ಲಿ ಮುಗಿಯುವ ಯಾವ ಮನುಷ್ಯನೂ ಸಿಗ್ಲಿಲ್ಲ. ಕಳ್ಳ ಅಂತ ಗೊತ್ತುಂಟು, ಬರೀಲಿಕ್ಕೆ ಮನಸ್ಸಿಲ್ಲ, ಬರೆದ್ರೆ ತೋಡು ಹೋಗಿ ಹಳ್ಳ ಆಗ್ತದೆ. ಮಧ್ಯಾಹ್ನದವರೆಗೆ ಹಾಗೇ ಬಿಟ್ಟೆವು, ಎಂತಾದ್ರೂ ಬೇರೆ ಸಿಗ್ತದಾ ಅಂತ. ಊಟ ಮುಗಿಸಿ ಬಂದ ಟೈಲರ್ ಪೆನ್ಸಿಲ್ ತೆಗೆದು "ಳ್ಳ" ಬರೆದ, ಮತ್ತೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಮಿಷನ್ ತುಳಿಯಲಿಕ್ಕೆ ಶುರು ಮಾಡಿದ.

"ಮೇಲಿಂದ ಕಳ್ಳ ಇಳಿದ, ನಮ್ಮ ತೋಡು ಕೊಂಡೋದ" ಅಂದ.