ಒಬ್ಬರೇ ಶಿಕ್ಷಕರು 1, 2, 3ನೇ ತರಗತಿಗೆ ಒಟ್ಟಿಗೆ ಕಲಿಸುವುದು ಹೇಗೆ?

ಮೂರು ತರಗತಿಗೆ ಮೂರು ಪಾಠ ಮಾಡಲು ಹೊರಟರೆ ಖಂಡಿತ ಆಗುವುದಿಲ್ಲ. ಒಬ್ಬರಿಗೆ ಹೇಳಿಕೊಡುವಾಗ ಉಳಿದವರು ಸುಮ್ನೆ ಕೂತಿರಬೇಕಾಗುತ್ತದೆ, ಅಲ್ವಾ? ಆದರೆ ಹಳ್ಳಿಗಳಲ್ಲಿ ಬೇರೆ ದಾರಿಯೂ ಕಡಿಮೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರವೇ 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೂ ಇಬ್ಬರೇ ಶಿಕ್ಷಕರು.

ನಮ್ಮ ಸರ್ಕಾರಿ ಶಾಲೆಗಳ ‘ನಲಿಕಲಿ’ ಇದಕ್ಕೆ ಕಂಡುಕೊಂಡ ಉಪಾಯ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಇಲ್ಲಿ ಮಕ್ಕಳು ತರಗತಿವಾರು ಕೂರುವುದಿಲ್ಲ. ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ಕ್ರಮವಾಗಿ ತೋರಿಸಿರುತ್ತಾರೆ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ಅದರ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗುತ್ತದೆ. ಹೊಸದನ್ನು ಕಲಿಯುವವರ ಜೊತೆ ಶಿಕ್ಷಕರು ಜಾಸ್ತಿ ಹೊತ್ತು ಕೂರುತ್ತಾರೆ. ಉಳಿದವರಲ್ಲಿ ಕೆಲವರು ಗೆಳೆಯರ ಸಹಾಯದಿಂದ, ಕೆಲವರು ತಾವಾಗಿಯೇ ಅಭ್ಯಾಸ ಮಾಡುತ್ತಾರೆ.

ಅಕ್ಷರ ಕಲಿಸುವ ಕ್ರಮವಂತೂ ನನಗೆ ತುಂಬಾ ಇಷ್ಟ. ಅ, ಆ, ಇ ಅಲ್ಲ; ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಬಂದರೆ ಸಾಕು, ಸರ, ಅಗಸ, ಗರಗಸ ಎಲ್ಲ ಓದಬಹುದು. ಮಗು ತಾನೇ ಓದಲು ತೊಡಗಿದರೆ ಶಿಕ್ಷಕರಿಗೆ ಬೇರೆ ಗುಂಪಿನ ಕಡೆ ತಿರುಗಲು ಪುರುಸೊತ್ತು ಸಿಗುತ್ತದೆ. ವಾರಗಟ್ಟಲೆ ರಜೆ ಹಾಕಿದ ಮಗುವೂ ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ.

ತೊಂದರೆಯೂ ಇದೆ. ಕಾರ್ಡು ಹರಿದುಹೋದರೆ, ಶಿಕ್ಷಕರು ಕಚೇರಿ ಕೆಲಸಕ್ಕೆ ಎದ್ದುಹೋದರೆ, ಗುಂಪುಗಳು ಬರೀ ಗದ್ದಲವಾಗುತ್ತವೆ.