ಮೊಣಕಾಲಿನ ಲಿಗಮೆಂಟ್ ನೋಡಲು 1.5 ಟೆಸ್ಲಾ ಎಂಆರ್‌ಐ ಸಾಕಾ, 3 ಟೆಸ್ಲಾನೇ ಬೇಕಾ?

ನಿಮ್ಮ ತಮ್ಮ ಗರಡಿಯಲ್ಲಿ ಕುಸ್ತಿ ಆಡುವಾಗ ಮೊಣಕಾಲು ತಿರುಚಿಕೊಂಡ, ಎಕ್ಸ್‌ರೇ ನಾರ್ಮಲ್ ಬಂದಿದೆ, 3 ಟೆಸ್ಲಾ ಮೆಷಿನ್ ಹುಡುಕಿಕೊಂಡು ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಬೇಕಾ ಅಂತ ಕೇಳಿದ್ದೀರಿ.

ಟೆಸ್ಲಾ ಅಂದರೆ ಮೆಷಿನ್‌ನ ಆಯಸ್ಕಾಂತದ ಶಕ್ತಿಯ ಅಳತೆ. ಲಿಗಮೆಂಟ್ ಅಂದರೆ ಮೂಳೆಗೆ ಮೂಳೆ ಜೋಡಿಸುವ ನಾರಿನ ಪಟ್ಟಿ. ಎಸಿಎಲ್ (ಮೊಣಕಾಲಿನ ಒಳಗಿರುವ ಒಂದು ಮುಖ್ಯ ಲಿಗಮೆಂಟ್) ಪೂರ್ತಿ ಹರಿದಿದೆಯಾ ಅಂತ ನೋಡಲು 1.5 ಟೆಸ್ಲಾ ಸಾಕು. ಎಕ್ಸ್‌ರೇ ನಾರ್ಮಲ್ ಅಂತ ಮಾತ್ರ ಸುಮ್ನಿರಬೇಡಿ. ಅದರಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ.

ಎಂಆರ್‌ಐನಲ್ಲಿ ಗಟ್ಟಿಯಾಗಿರುವ ಲಿಗಮೆಂಟ್ ಕಪ್ಪು ಪಟ್ಟಿಯ ಹಾಗೆ ಕಾಣುತ್ತದೆ. ಹರಿದಿದ್ದರೆ ಪಟ್ಟಿ ಮಧ್ಯದಲ್ಲೇ ತುಂಡಾಗಿರುತ್ತದೆ, ಊತದ ನೀರು ಬೆಳ್ಳಗೆ ಹೊಳೆಯುತ್ತದೆ. ಎಸಿಎಲ್ ಹರಿದಾಗ ತೊಡೆಮೂಳೆ, ಮೊಣಕಾಲ ಕೆಳಗಿನ ಮೂಳೆ ಒಂದಕ್ಕೊಂದು ಗುದ್ದಿಕೊಂಡ ಗುರುತೂ ಎಷ್ಟೋ ಸಲ ಸಿಗುತ್ತದೆ. ಎಕ್ಸ್‌ರೇಯಲ್ಲಿ ಇದರ ಸುಳಿವೇ ಇರುವುದಿಲ್ಲ.

3 ಟೆಸ್ಲಾದಲ್ಲಿ ಸಿಗ್ನಲ್ ಜಾಸ್ತಿ, ಹಾಗಾಗಿ ಇನ್ನೂ ತೆಳು ಪದರಗಳಲ್ಲಿ ಚಿತ್ರ ತೆಗೆಯಬಹುದು. ಅರ್ಧಂಬರ್ಧ ಹರಿದಿರುವುದು, ಕಾರ್ಟಿಲೇಜಿನ (ಮೂಳೆ ತುದಿಯ ನುಣುಪಾದ ಹೊದಿಕೆ) ಸಣ್ಣ ಗಾಯ, ಇಂಥ ಕಡೆ ಅದರ ಲಾಭ ಇದೆ. ಆದರೆ ನನ್ನ ಪ್ರಕಾರ ಮೆಷಿನ್‌ಗಿಂತ ರಿಪೋರ್ಟ್ ಓದುವವರ ಅನುಭವವೇ ದೊಡ್ಡದು. ಆಯಸ್ಕಾಂತಕ್ಕೆ ಸುಮಾರು 55 ಡಿಗ್ರಿ ಓರೆಯಾದ ನಾರುಗಳು ಕೆಲವು ಚಿತ್ರಗಳಲ್ಲಿ ಸರಿಯಿದ್ದರೂ ಬೆಳ್ಳಗೆ ಕಾಣುತ್ತವೆ. ಗೊತ್ತಿಲ್ಲದವರು ಅದನ್ನೇ ಗಾಯ ಅಂದುಬಿಡಬಹುದು, ಅಲ್ವಾ?

ಇನ್ನೊಂದು ಮಾತು. ಕಾಲು ಎಷ್ಟು ಸಡಿಲ ಆಗಿದೆ ಅನ್ನೋದು ಸ್ಕ್ಯಾನ್‌ನಲ್ಲಿ ಗೊತ್ತಾಗುವುದಿಲ್ಲ, ಅಲ್ಲಿ ಅಲುಗಾಡದೆ ಮಲಗಿರುತ್ತಾರೆ. ಅದನ್ನು ಮೂಳೆ ಡಾಕ್ಟ್ರು ಮೊಣಕಾಲು ಸ್ವಲ್ಪ ಮಡಚಿ, ಕೈಯಿಂದ ಎಳೆದು ನೋಡುತ್ತಾರೆ. ಲ್ಯಾಕ್‌ಮನ್ ಟೆಸ್ಟ್ ಅಂತಾರೆ. ಮೊದಲು ಅದು ಆಗಲಿ. ಮೈಯಲ್ಲಿ ಪೇಸ್‌ಮೇಕರ್, ರಾಡು, ಸ್ಕ್ರೂ ಏನಾದರೂ ಇದ್ದರೆ ಸ್ಕ್ಯಾನ್‌ಗೆ ಮುಂಚೆಯೇ ಹೇಳಿ.